ವೈರಿಲ್ಲದ ಕೀಬೋರ್ಡು, ನಂಬಿಕೆಯಿಲ್ಲದ ಗಿರಾಕಿಗಳು

ನನ್ನ ಅಂಗಡಿಗೆ ಬರುವವರೆಲ್ಲ ಯಾರನ್ನಾದರೂ ಅನುಮಾನಿಸಿಕೊಂಡೇ ಮೆಟ್ಟಿಲು ಹತ್ತುತ್ತಾರೆ. ಆದ್ದರಿಂದ ಮುಂದೆ ಹೇಳುವಂಥ ಪ್ರಸಂಗ ವಾರಕ್ಕೊಂದಾದರೂ ನಡೆಯದಿದ್ದರೆ ಎಲ್ಲೋ ಏನೋ ಎಡವಟ್ಟಾಗಿದೆ ಎಂದು ನನಗೇ ಅನುಮಾನ ಬರುತ್ತದೆ.

ಅರಸೀಕೆರೆಯಲ್ಲಿ ತಾಲ್ಲೂಕು ಕಚೇರಿಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಟೈಪಿಂಗ್ ಅಂಗಡಿ. ಕ್ರಯಪತ್ರ, ಪಾಲುಪತ್ರ, ಪಿಂಚಣಿ ಅರ್ಜಿ ಎಲ್ಲ ಬರೆದುಕೊಡುತ್ತೇನೆ. ಕ್ರಯಪತ್ರವೆಂದರೆ ಕೊಳ್ಳುವವನಿಗೆ ಮಾರುವವನ ಮೇಲೆ ಅನುಮಾನ, ಪಾಲುಪತ್ರವೆಂದರೆ ಅಣ್ಣನಿಗೆ ತಮ್ಮನ ಮೇಲೆ ಅನುಮಾನ. ನನ್ನ ಮೇಲೆ ಮಾತ್ರ ಯಾರಿಗೂ ಅನುಮಾನ ಇರಲಿಲ್ಲ. ಇಪ್ಪತ್ತು ವರ್ಷ ಅಂಗಡಿ ನಡೆದದ್ದು ಆ ನಂಬಿಕೆಯ ಮೇಲೇ.

ಹೋದ ವರ್ಷ ಭುಜನೋವು ಬಂತು. ಮೇಜಿನ ತುಂಬ ಕಾಗದ, ಮೌಸು ಆಡಿಸಲು ಅಂಗೈಯಗಲ ಜಾಗವಿಲ್ಲ. ಹಾಸನದಲ್ಲಿರುವ ನನ್ನ ತಂಗಿ, “ವೈರಿಲ್ಲದ ಕೀಬೋರ್ಡ್ ತಗೋ ಅಕ್ಕ, ತೊಡೆ ಮೇಲಿಟ್ಕೊಂಡು ಹೊಡಿ. ಗಾಳೀಲಿ ಆಡಿಸೋ ಮೌಸೂ ಸಿಗುತ್ತೆ. ಕೈಲಿ ಹಿಡಿದು ಹೀಗೆ ತಿರುಗಿಸಿದ್ರೆ ಸಾಕು, ಸ್ಕ್ರೀನ್ ಮೇಲಿನ ಬಾಣ ಹಾಗೇ ಓಡುತ್ತೆ,” ಎಂದಳು. ಎರಡನ್ನೂ ತಂದೆ. ಬರೆದದ್ದು ಗಿರಾಕಿಗಳಿಗೂ ಕಾಣಲಿ, ಯಾರಿಗೂ ಸಂಶಯ ಬೇಡ ಎಂದು ಗೋಡೆಗೆ ದೊಡ್ಡ ಟಿವಿಯನ್ನೂ ಹಾಕಿಸಿದೆ.

ಅಂದಿನಿಂದ ಎಲ್ಲರ ಅನುಮಾನ ನನ್ನ ಕಡೆ ತಿರುಗಿತು. ಎದುರಿನ ಹೊಂಗೆ ಮರದ ಕೆಳಗೆ ಹಳೇ ಟೈಪ್‌ರೈಟರ್ ಇಟ್ಟುಕೊಂಡು ಕೂರುವವರೊಬ್ಬರಿದ್ದಾರೆ. ನನ್ನ ಹಳೇ ಗಿರಾಕಿಗಳು ಒಬ್ಬೊಬ್ಬರೇ ಅವರ ಕಡೆ ಸರಿಯತೊಡಗಿದರು. ಹೊಟ್ಟೆ ಉರಿಯಿತು ಎಂದು ಹೇಳಲು ನನಗೇನೂ ಸಂಕೋಚವಿಲ್ಲ. ಭಯವೂ ಆಯಿತು.

೧. ಫ್ಯಾನು

ಜಾವಗಲ್ ಕಡೆಯ ರೈತರೊಬ್ಬರು ಕ್ರಯಪತ್ರ ಬರೆಸಲು ಬಂದರು. ಕೂತವರು ಪತ್ರ ಬಿಟ್ಟು ನನ್ನ ತೊಡೆಯ ಮೇಲಿದ್ದ ಕೀಬೋರ್ಡನ್ನೇ ನೋಡುತ್ತಿದ್ದರು.

“ಇದ್ಕೆ ವೈರ್ ಎಲ್ಲೈತಮ್ಮ?”

“ಇದಕ್ಕೆ ವೈರ್ ಇಲ್ಲ.”

“ಮತ್ತೆ ನೀವು ಇಲ್ಲಿ ಒತ್ತಿದ್ದು ಅಲ್ಲೀಗಂಟ ಹೆಂಗೆ ಓಯ್ತದೆ?”

“ಗಾಳೀಲೇ ಹೋಗುತ್ತೆ ಯಜಮಾನ್ರೇ,” ಎಂದೆ. ಅಷ್ಟು ಸಲೀಸಾಗಿ ಹೇಳಬಾರದಿತ್ತು.

ಅವರು ಎದ್ದು ಕಿಟಕಿ ಮುಚ್ಚಿದರು. ಬಾಗಿಲು ಎಳೆದರು. ಆಮೇಲೆ ತಲೆ ಎತ್ತಿ ನೋಡಿ ಫ್ಯಾನನ್ನೂ ಆರಿಸಿದರು. ಏಪ್ರಿಲ್ ತಿಂಗಳ ಮಧ್ಯಾಹ್ನ. ನನ್ನ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. “ಒಂಚೂರು ಫ್ಯಾನ್ ಹಾಕೋಣ್ವಾ?” ಎಂದು ಬೇಡಿಕೊಂಡೆ.

“ಸರ್ವೆ ನಂಬರ್ ಮುಗೀಲಿ ತಾಯಿ,” ಎಂದರು. “ನಮ್ಮಪ್ಪನ ಹೆಸ್ರು ಎತ್ಲಾಗಾದ್ರೂ ಹಾರ್ಕೊಂಡು ಹೋಗ್ಲಿ, ಅವರು ತೀರ್ಕೊಂಡವ್ರೆ. ಜಮೀನು ಹಾರಬಾರ್ದು.”

೨. ಮೆಣಸಿನಕಾಯಿ

ಗೆಂಡೆಹಳ್ಳಿಯ ಅಜ್ಜಿಯೊಬ್ಬರು ಅರಸೀಕೆರೆಯ ಮಗಳ ಮನೆಗೆ ಬಂದಿದ್ದವರು, ಪಿಂಚಣಿ ಅರ್ಜಿ ಬರೆಸಲು ಬಂದರು. ಎದುರು ಕೂರಿಸಿಕೊಂಡು ಹೆಸರು, ವಯಸ್ಸು ಕೇಳುತ್ತ, ಅರ್ಜಿಯ ಒಂದೊಂದು ಖಾನೆಗೂ ಬಾಣ ಒಯ್ಯಲು ಕೈಯಲ್ಲಿದ್ದ ಮೌಸನ್ನು ಮೇಲಿಂದ ಕೆಳಕ್ಕೆ, ಎಡಕ್ಕೆ, ಬಲಕ್ಕೆ ಆಡಿಸುತ್ತಿದ್ದೆ. ಅಜ್ಜಿ ಮೊದಲು ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಸೆರಗು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಕೈ ಮುಗಿದು ನೆಟ್ಟಗೆ ಕೂತುಬಿಟ್ಟರು. ಸುಸ್ತಾಗಿರಬೇಕು ಎಂದುಕೊಂಡು ನನ್ನ ಪಾಡಿಗೆ ಕೆಲಸ ಮುಗಿಸಿದೆ.

ಎರಡು ತಿಂಗಳ ಮೇಲೆ ಮತ್ತೆ ಬಂದರು. ಮುಖ ಗಂಟಿಕ್ಕಿತ್ತು.

“ನನ್ ಪಿಂಚಣಿ ಇನ್ನೂ ಬಂದಿಲ್ಲ. ಯಾಕೆ ಅಂತ ನಂಗೆ ಗೊತ್ತಾಯ್ತು. ತಪ್ಪು ನಿಂದೇ.”

“ನಾನೇನು ಮಾಡ್ದೆ ಅಜ್ಜಿ? ಅರ್ಜಿ ಸರಿಯಾಗೇ ಬರೆದಿದ್ದೀನಿ.”

“ಅರ್ಜಿ ಬಿಡು. ಅವತ್ತು ಅಷ್ಟೊತ್ತು ಕೈಯಾಡಿಸಿ ನಂಗೆ ದೃಷ್ಟಿ ತೆಗೆದ್ಯಲ್ಲ, ಆಮೇಲೆ ಬೆಂಕಿಗೆ ಮೆಣಸಿನ್ಕಾಯಿ ಹಾಕಿದ್ಯಾ? ಕಣ್ಬಿಟ್ಟಾಗ ನಾನೇ ನೋಡ್ದೆ. ಅದನ್ನ ಹಂಗೇ ಮೇಜಿನ ಮೇಲಿಟ್ಟೆ!”

ದೃಷ್ಟಿಯೂ ಅಲ್ಲ, ಗಿಷ್ಟಿಯೂ ಅಲ್ಲ, ಇದು ಮೌಸು ಎಂದು ಬಿಡಿಸಿ ಹೇಳಿದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡರು, ತಲೆಯನ್ನೂ ಆಡಿಸಿದರು. ಆಮೇಲೆ ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಒಣಮೆಣಸಿನಕಾಯಿ ಮೇಜಿನ ಮೇಲಿಟ್ಟು, “ಆಯ್ತು, ಮೌಸೇ ಆಗ್ಲಿ. ಈಗ್ಲಾದ್ರೂ ಒಲೆಗೆ ಹಾಕು,” ಎಂದರು.

೩. ಕಾನೂನಿನ ಭಾಷೆ

ಬೇರೆಯವರ ಅನುಮಾನದ ಮಾತು ಸಾಕು. ನನ್ನದೂ ಒಂದಿದೆ.

ಒಂದು ದಿನ ಒಳಗೆ ಕಾಫಿ ಕಾಯಿಸಿಕೊಂಡು ಬಂದು ನೋಡುತ್ತೇನೆ, ಟಿವಿಯಲ್ಲಿ ಅರ್ಧ ಬರೆದಿದ್ದ ಕರಾರುಪತ್ರದೊಳಗೆ ಅಕ್ಷರಗಳು ತಾವೇ ಮೂಡುತ್ತಿವೆ! “ಸದರಿ ಸ್ವತ್ತಿನ ಮೇಲೆ” ಆದ ಮೇಲೆ ದದದದದದ ಎಂದು ಸಾಲುಸಾಲಾಗಿ ಪುಟ ತುಂಬುತ್ತಿದೆ. ಯಾರೋ ದೂರದಿಂದ ನನ್ನ ಯಂತ್ರದೊಳಗೆ ನುಗ್ಗಿದ್ದಾರೆ! ಯಾರೋ ಏನು, ಹೊಂಗೆ ಮರದವರೇ ಎಂದು ತೀರ್ಮಾನಿಸಿದೆ. ಕಾಫಿ ಲೋಟ ಅಲ್ಲೇ ಕುಕ್ಕಿ, ರಸ್ತೆ ದಾಟಿ, ಇಷ್ಟು ವರ್ಷದಿಂದ ಒಟ್ಟಿಗೆ ಬದುಕುತ್ತಿದ್ದೇವೆ, ಹೀಗೆ ಮಾಡಬಹುದಾ ಎಂದು ಕೂಗಲು ಬಾಯಿ ತೆಗೆದೆ. ಅವರು ಟೈಪ್‌ರೈಟರಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದರು. ತೆಗೆದ ಬಾಯಿ ಮುಚ್ಚಿಕೊಂಡು ವಾಪಸ್ ಬಂದೆ.

ಅಂಗಡಿಯ ಮೂಲೆಯಲ್ಲಿ ನಮ್ಮ ಯಜಮಾನರು ಕುರ್ಚಿ ಹಾಕಿಕೊಂಡು ಕಡ್ಲೆಪುರಿ ತಿನ್ನುತ್ತಿದ್ದರು. ರೈಲ್ವೆ ಕೆಲಸದಿಂದ ನಿವೃತ್ತರಾದ ಮೇಲೆ ಅವರಿಗೆ ಅದೇ ಜಾಗ. ಕಡ್ಲೆಪುರಿ ಡಬ್ಬಿ ಇಟ್ಟಿದ್ದದ್ದು ನನ್ನ ಕೀಬೋರ್ಡಿನ ಮೇಲೆ. ಕಣ್ಣು ಮಾತ್ರ ಟಿವಿಯಲ್ಲೇ ನೆಟ್ಟಿತ್ತು.

“ಅಲ್ರೀ, ಎದುರಿಗೇ ಪುಟಗಟ್ಟಲೆ ದದದ ಅಂತ ಬರ್ತಿದೆ. ಒಂದು ಮಾತು ಕೂಗಬಾರದಾ?”

“ಕಾನೂನಿನ ಭಾಷೆ ಅಂದ್ಕೊಂಡೆ ಕಣೇ,” ಎಂದರು. “ಅದಕ್ಕೂ ಮುಂಚೆ ಬರ್ದಿದ್ಯಲ್ಲ, ಅದಕ್ಕಿಂತ ಇದೇ ಒಂಚೂರು ಅರ್ಥ ಆಗೋ ಹಾಗಿತ್ತು.”

೪. ಟವೆಲು

ಇದನ್ನು ನೆನೆಸಿಕೊಂಡರೆ ಈಗಲೂ ಒಬ್ಬಳೇ ನಗುತ್ತೇನೆ. ಆದರೆ ಅವತ್ತು ನಗು ಬರುವ ಹಾಗಿರಲಿಲ್ಲ.

ಅಣ್ಣ ತಮ್ಮ ಇಬ್ಬರು ಪಾಲುಪತ್ರಕ್ಕೆ ಬಂದರು. ಹಳೇಬೀಡಿನ ದಾರಿಯಲ್ಲಿ ನಮ್ಮ ತಾಲ್ಲೂಕಿನ ಗಡಿಗೆ ಅವರ ಊರು. ಅಣ್ಣ ಬದುಕಿಡೀ ದನದ ಸಂತೆಯಲ್ಲಿ ದಲ್ಲಾಳಿ. ತಮ್ಮನೋ ಮನೆಯ ಬೇಸಾಯ ನೋಡಿಕೊಂಡವನು, ಚಿಕ್ಕಂದಿನಲ್ಲಿ ಅಣ್ಣನ ಹಿಂದೆ ಸಂತೆ ಸುತ್ತಿ ಪಳಗಿದವನು. ಮನೆ, ಹೊಲ, ಕಣ ಎಲ್ಲ ಹಂಚಿಕೊಂಡಾಗಿತ್ತು. ಬದುವಿನ ಮೇಲಿನ ಹದಿನೆಂಟು ತೆಂಗಿನ ಮರಗಳು ಮಾತ್ರ ಬಗೆಹರಿದಿರಲಿಲ್ಲ. ಆಗಲೇ ಬೇರೆ ಬೇರೆ ಕಡೆ ಮೂರು ಸಲ ಪತ್ರ ಬರೆಸಿ ಮೂರನ್ನೂ ಹರಿದು ಹಾಕಿದ್ದರು. ಇವತ್ತು ಆಗದಿದ್ದರೆ ನಾಳೆ ಕೋರ್ಟು ಎಂದು ಇಬ್ಬರೂ ಹೊಸ್ತಿಲಲ್ಲೇ ಹೇಳಿದರು. ನನ್ನ ಅಂಗಡಿಯಲ್ಲಿ ಮುರಿದುಕೊಂಡು ಎದ್ದರೆ ಅವರ ಊರಿನಿಂದ ಇನ್ನು ಒಬ್ಬರೂ ನನ್ನ ಮೆಟ್ಟಿಲು ಹತ್ತುವುದಿಲ್ಲ ಎಂದು ನನಗೂ ಗೊತ್ತಿತ್ತು.

ಮರದ ವಿಷಯವನ್ನು ಕೊನೆಗೆ ಬಿಟ್ಟು ಉಳಿದದ್ದನ್ನೆಲ್ಲ ಬರೆದೆ. ಮೌಸು ಆಡಿಸುತ್ತ ಹೊಲದ ನಾಲ್ಕು ದಿಕ್ಕಿನ ಚೆಕ್ಕುಬಂದಿ ತೋರಿಸುತ್ತಿದ್ದೆ. ಅಣ್ಣ ಟಿವಿ ನೋಡುತ್ತಲೇ ಇರಲಿಲ್ಲ. ನನ್ನ ಬೆರಳು ನೋಡುತ್ತಿದ್ದರು.

“ನಿಲ್ಸಿ!” ಎಂದರು. “ಯಾರಿಗೆ ಸನ್ನೆ ಮಾಡ್ತಿದ್ದೀರಿ?”

“ಯಾವ ಸನ್ನೆ?”

“ಮೂರು ಬೆರಳು ಮಡಚಿದ್ರಿ, ಒಂದು ಬೆರಳು ಎರಡು ಸಲ ಒತ್ತಿದ್ರಿ. ಬೆರಳಲ್ಲೇ ವ್ಯಾಪಾರ ಮಾಡ್ಕೊಂಡು ಬದುಕಿದೋನು ನಾನು. ನನ್ ತಮ್ಮಂಗೆ ಎಷ್ಟು ಮರ ಕೇಳು ಅಂತ ಹೇಳ್ಕೊಡ್ತಿದ್ದೀರಿ?”

ತಮ್ಮ ತಟ್ಟನೆ ಎದ್ದ. “ನಂಗಾ? ಆವಾಗಿಂದ ನಿಂಗೇ ಸನ್ನೆ ಮಾಡ್ತಾವ್ರೆ ಅಂತ ನಾನು ಬಾಯ್ಮುಚ್ಕೊಂಡು ಕುಂತಿದ್ದೆ!”

ನನಗೆ ರೇಗಿಹೋಯಿತು. “ಇಬ್ಬರಿಗೂ ನಾನು ಬೇಡ. ತಗೊಳ್ಳಿ, ನೀವೇ ಹಿಡ್ಕೊಳ್ಳಿ,” ಎಂದು ಮೌಸನ್ನು ಅಣ್ಣನ ಕೈಗೆ ತುರುಕಿದೆ.

ಅವರು ಅದನ್ನು ಹಿಂದುಮುಂದು ತಿರುಗಿಸಿ ನೋಡಿದರು. ಆಮೇಲೆ ಹೆಗಲ ಮೇಲಿನ ಟವೆಲು ತೆಗೆದು ಮೌಸು ಹಿಡಿದ ಕೈಯ ಮೇಲೆ ಮುಚ್ಚಿಕೊಂಡರು. ದನದ ಸಂತೆಯಲ್ಲಿ ರೇಟು ಮಾತಾಡುವುದು ಹಾಗೆ ಟವೆಲಿನಡಿ ಬೆರಳು ಒತ್ತಿಯೇ ತಾನೆ? ಬಯಲಿನಲ್ಲಿ ಬೆರಳು ಆಡಿಸಿ ಅವರಿಗೆ ಅಭ್ಯಾಸವಿಲ್ಲ.

“ಮುಚ್ಕೊಂಡು ಏನು ಮಾಡ್ತೀಯಾ? ನಾನೂ ನೋಡ್ಬೇಕು,” ಎಂದು ತಮ್ಮನೂ ಟವೆಲಿನೊಳಗೆ ಕೈ ತೂರಿಸಿದ.

ಅಲ್ಲಿಗೆ ಮಾತು ನಿಂತಿತು. ಅಣ್ಣನ ಬೆರಳು ಹಳೇ ಅಭ್ಯಾಸಕ್ಕೆ ಏನೋ ಒತ್ತಿರಬೇಕು, ತಮ್ಮ “ಊಹೂಂ” ಎಂದ. ಟವೆಲು ಅಲ್ಲಾಡಿತು. ಈ ಸಲ ಅಣ್ಣ ತಲೆ ಕೊಡವಿದರು. ಇಬ್ಬರೂ ಒಬ್ಬರ ಕಣ್ಣಲ್ಲಿ ಒಬ್ಬರು ಕಣ್ಣಿಟ್ಟು ಕೂತಿದ್ದಾರೆ, ಒಳಗೆ ಬೆರಳುಗಳು ಮರ ಹಂಚಿಕೊಳ್ಳುತ್ತಿವೆ. ಆ ಬೆರಳುಗಳ ನಡುವೆ ನನ್ನ ಮೌಸು!

ಟಿವಿಯಲ್ಲಿ ಬಾಣ ಹುಚ್ಚು ಹಿಡಿದಂತೆ ಓಡುತ್ತಿತ್ತು. ನೋಡನೋಡುತ್ತ ಎಲ್ಲ ಸಾಲುಗಳೂ ನೀಲಿಯಾದವು. ಕಟ್, ಕಾಪಿ ಎಂಬ ಪಟ್ಟಿ ತೆರೆದುಕೊಂಡಿತು. ಕೂಗೋಣವೆಂದರೆ, ಟವೆಲು ಮುಚ್ಚಿರುವಾಗ ಮೂರನೆಯವರು ಬಾಯಿ ಹಾಕಬಾರದು. ಹಾಕಿದರೆ ವ್ಯಾಪಾರ ಮುರಿಯುತ್ತದೆ. ಪತ್ರ ಉಳಿಸಲೋ, ಇವರನ್ನು ಉಳಿಸಲೋ? ಪತ್ರವನ್ನು ಮತ್ತೆ ಬರೆಯಬಹುದು. ಬಾಯಿಗೆ ಸೆರಗು ಒತ್ತಿಕೊಂಡು ಸುಮ್ಮನೆ ಕೂತೆ. ಅಷ್ಟು ಹೊತ್ತಿನ ದುಡಿಮೆ ಒಂದೇ ಏಟಿಗೆ ಅಳಿಸಿಹೋಯಿತು.

“ಆಯ್ತು!” ಎಂದು ಅಣ್ಣ ಟವೆಲು ಎಳೆದರು. ತಮ್ಮ ನಗುತ್ತಿದ್ದ. ಅಣ್ಣನಿಗೆ ಹತ್ತು, ತಮ್ಮನಿಗೆ ಎಂಟು, ಬದಲಿಗೆ ಬದುವಿನ ಹುಣಸೆ ಮರವೂ ತಮ್ಮನಿಗೇ. ಹುಣಸೆ ಮರದ ಮಾತನ್ನು ಅದುವರೆಗೆ ಯಾರೂ ಎತ್ತಿರಲಿಲ್ಲ. ಟವೆಲಿನೊಳಗೆ ಅದೂ ಹೇಗೆ ಬಂತೋ ನನಗಂತೂ ತಿಳಿಯದು. ಸಮಾಧಾನಕ್ಕೆ ನನ್ನ ಕಣ್ಣಲ್ಲಿ ನೀರೇ ಬಂತು.

ಆಗ ಇಬ್ಬರೂ ಟಿವಿಯ ಕಡೆ ತಿರುಗಿದರು. ತೆರೆ ಬೆಳ್ಳಗಿತ್ತು, ಒಂದಕ್ಷರವಿಲ್ಲ. ಅಣ್ಣ ಕನ್ನಡಕ ಏರಿಸಿ ಆ ಖಾಲಿ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿದರು. ತಮ್ಮನೂ ಹತ್ತಿರ ಹೋಗಿ ನೋಡಿ ಬಂದ.

“ನಂಗೇನೂ ತಕರಾರಿಲ್ಲ,” ಎಂದ ತಮ್ಮ.

“ನಂಗೂ ಇಲ್ಲ,” ಎಂದರು ಅಣ್ಣ. “ಇಲ್ಲೀಗಂಟ ಬರೆಸಿದ್ರಲ್ಲೆಲ್ಲ ಮೋಸ ಇಲ್ದಿರೋ ಪತ್ರ ಇದೊಂದೇ. ಸೈನ್ ಎಲ್ಲಿ ಹಾಕ್ಬೇಕು, ತೋರ್ಸಿ ತಾಯಿ.”