ಧಾರವಾಡದಿಂದ ಹೋಗದೆ ಸಾಗರಕ್ಕೆ ಬಂದವರು

ನಿಮ್ಮ ಅಜ್ಜ ತಮ್ಮ ಆಯುಷ್ಯದಲ್ಲಿ ಯಾವ ಊರಿನಿಂದಲೂ ಹೋದವರಲ್ಲ. ಹಾಗಾದರೆ ಬಿ.ಎ. ಒಂದಿಷ್ಟು ಧಾರವಾಡದಲ್ಲೂ, ಉಳಿದದ್ದನ್ನು ಸಾಗರದಲ್ಲೂ ಓದಿದ್ದು ಹೇಗೆ ಎಂದು ನೀವು ಕೇಳಬಹುದು. ಧಾರವಾಡದಿಂದ ಅವರು ಹೋಗಲಿಲ್ಲ, ಸಾಗರಕ್ಕೆ ಬಂದರು. ಎರಡಕ್ಕೂ ಏನು ವ್ಯತ್ಯಾಸ ಎಂದಿರಾ? ಅದನ್ನು ಹೇಳಲಿಕ್ಕೇ ಇಷ್ಟೆಲ್ಲ ಬರೆಯುತ್ತಿರುವುದು.

ನಿಮ್ಮಲ್ಲೊಬ್ಬಳು ಮೊನ್ನೆ ಫೋನಿನಲ್ಲಿ, "ಅಜ್ಜಿ, ಡಿಗ್ರಿ ಮಧ್ಯದಲ್ಲಿ ಯೂನಿವರ್ಸಿಟಿ ಬದಲಾಯಿಸಿದ್ರೆ ಜನ ಏನಂದ್ಕೊಳ್ತಾರೆ?" ಎಂದು ಕೇಳಿದಳು. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ. ಎದುರಿಗೆ ಕೂತರೂ ಬರುವುದು ಅಷ್ಟಕ್ಕಷ್ಟೆ. ಊರ ಶಾಲೆಯಲ್ಲಿ ಕಲಿತ ಅಕ್ಷರವಿದೆ, ಅದನ್ನೇ ನಂಬಿಕೊಂಡು ಬರೆಯುತ್ತಿದ್ದೇನೆ. ಅಜ್ಜನ ಹೆಸರು ಮಾತ್ರ ಬರೆಯುವುದಿಲ್ಲ. ಗಂಡನ ಹೆಸರು ಹೇಳಿ ನನಗೆ ರೂಢಿಯಿಲ್ಲ. ಬರೆಯಲಿಕ್ಕೂ ಕೈ ಏಳುವುದಿಲ್ಲ.

ಮನೆಯಿಂದ ಹೊರಡುವಾಗ "ಹೋಗ್ತೀನಿ" ಎನ್ನಬಾರದು, "ಬರ್ತೀನಿ" ಎನ್ನಬೇಕು. ಒಳಗಿದ್ದವರು "ಬನ್ನಿ" ಎನ್ನುತ್ತಾರೆ, ಹೊರಟವರು ಹೊರಡುತ್ತಾರೆ. ಬೇರೆಯವರಿಗೆ ಇದು ಹೊಸಿಲ ಮೇಲಿನ ಒಂದು ಗಳಿಗೆಯ ಮಾತು, ಅಜ್ಜನಿಗೆ ವ್ರತ. 'ಹೋಗು' ಎಂಬ ಪದವೇ ಅವರ ಬಾಯಲ್ಲಿರಲಿಲ್ಲ. ಬಸ್ಸಿನ ಕಂಡಕ್ಟರು "ಎಲ್ಲಿಗೆ ಹೋಗ್ಬೇಕು?" ಎಂದರೆ "ತೀರ್ಥಹಳ್ಳಿಗೆ ಬರ್ತೀನಿ" ಎನ್ನುವರು. "ನೀವು ಬರೋದು ಆಮೇಲಾಯ್ತು, ಈಗ ಹೋಗೋದಕ್ಕೆ ಟಿಕೆಟ್ ತಗೊಳ್ಳಿ" ಎಂದು ಅವನು ಟಿಕೆಟು ಹರಿಯುವನು.

ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ತೀರ್ಥಹಳ್ಳಿಯಲ್ಲಿ ನನ್ನ ದೊಡ್ಡಪ್ಪ ತೀರಿಕೊಂಡಾಗ ಮಾತಾಡಿಸಲು ಹೋಗಿದ್ದೆವು. ಸಾವಿನ ಮನೆಯಿಂದ ಏಳುವಾಗ ಏನೂ ಹೇಳಬಾರದು, ಸುಮ್ಮನೆ ಹೊರಟುಬಿಡಬೇಕು. ಅದೂ ಎಲ್ಲರಿಗೆ ಗೊತ್ತು. ಅಜ್ಜ ಅಂಗಳದಲ್ಲಿ ನಿಂತು, ಕೈಮುಗಿದು, ಗಟ್ಟಿಯಾಗಿ "ಬರ್ತೀನಿ" ಎಂದರು. ಅಳುತ್ತಿದ್ದವರು ಅಳು ನಿಲ್ಲಿಸಿದರು. ಒಳಗಿನಿಂದ ದೊಡ್ಡಮ್ಮ, "ಎಂತಕ್ಕೆ ಬರ್ತೀರಿ ಅಳಿಯಂದಿರೇ? ಇನ್ನು ಉಳಿದಿರೋದು ನಾನೊಬ್ಬಳು" ಎಂದರು. ದಾರಿಯುದ್ದಕ್ಕೂ ನಾನು ತಲೆಯೆತ್ತಲಿಲ್ಲ. ಅಜ್ಜನೇ ನಿಧಾನವಾಗಿ, "ಸತ್ತವರ ಮನೆಗೆ ಬದುಕಿದ್ದವರು ಮತ್ತೆ ಬರ್ಬಾರ್ದೇನೇ?" ಎಂದು ಕೇಳಿದರು.

ಇಂಥವರು ಮದುವೆಯಾದದ್ದು ಯಾರನ್ನು? ಬಾಯಿಯೇ ತೆರೆಯದ ನನ್ನನ್ನು. ಅದು ಎಪ್ಪತ್ತರ ದಶಕದ ಮಾತು. ಅವರು ಧಾರವಾಡದಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಬಿ.ಎ. ಮೊದಲ ವರ್ಷ ಮುಗಿಸಿದ್ದರು. ಬೇಸಿಗೆ ರಜೆಯಲ್ಲಿ ಮದುವೆಯಾಗಿ ನಾನು ಹೊಸನಗರದ ಹತ್ತಿರದ ಇವರ ಮನೆಗೆ ಬಂದೆ. ಆಗೆಲ್ಲ ಹಿರಿಯರೆದುರು ಸೊಸೆ ಗಂಡನ ಜೊತೆ ಮಾತಾಡುವಂತಿರಲಿಲ್ಲ. ಮಾತಾಡಬಹುದು ಎಂದಿದ್ದರೂ ನಾನು ಆಡುತ್ತಿರಲಿಲ್ಲ ಬಿಡಿ.

ಕಾಲೇಜು ಶುರುವಾಯಿತು. ಅಜ್ಜ ಟ್ರಂಕು ಹಿಡಿದು ಹೊಸಿಲ ಮೇಲೆ ನಿಂತರು. ಅಪ್ಪಯ್ಯನಿಗೆ "ಬರ್ತೀನಿ", ಅಮ್ಮನಿಗೆ "ಬರ್ತೀನಿ". ಇಬ್ಬರೂ "ಬಾ" ಎಂದರು. ಅಂಗಳದಲ್ಲಿ ಕಟ್ಟಿದ್ದ ಎಮ್ಮೆಗೂ "ಬರ್ತೀನಿ". ಎಮ್ಮೆ ತಲೆ ಆಡಿಸಿತು. ಕೊನೆಗೆ, ಬಾಗಿಲ ಹಿಂದೆ ನಿಂತಿದ್ದ ನನಗೆ "ಬರ್ತೀನಿ". ಎಮ್ಮೆ ಮಾಡಿದಷ್ಟನ್ನೂ ನಾನು ಮಾಡಲಿಲ್ಲ. ಅವರು ನಿಂತೇ ಇದ್ದರು. ಧಾರವಾಡದ ದಾರಿ ಹಿಡಿಯಲು ಹತ್ತಬೇಕಾದ ಸಾಗರದ ಬಸ್ಸು ಬಂತು, ಹಾರನ್ ಹೊಡೆಯಿತು, ಹೋಯಿತು. ಅಜ್ಜ ಟ್ರಂಕು ಒಳಗಿಟ್ಟು, "ಇವತ್ತು ಎಂತ ಸಾರು ಅಮ್ಮಾ?" ಎಂದು ಅಡುಗೆಮನೆಗೆ ಬಂದರು.

ಮರುದಿನವೂ ಅದೇ, ಅದರ ಮರುದಿನವೂ ಅದೇ. ಬಸ್ಸಿನವನು ನಮ್ಮ ಮನೆಯೆದುರು ನಿಧಾನ ಮಾಡುವುದನ್ನೇ ಬಿಟ್ಟ. ಮಾವನವರು ರೇಗಿದರು.

"ಎಂತಕ್ಕೆ ಹೊರಡ್ತಾ ಇಲ್ಲ ನೀನು?"

"ಬಾ ಅಂತ ಹೇಳ್ಬೇಕಲ್ಲ ಅಪ್ಪಯ್ಯ."

"ಹೇಳಿದ್ನಲ್ಲೋ ನಾನು."

"ಎಲ್ರೂ ಹೇಳ್ಬೇಕು."

"ಎಮ್ಮೆ ಹೇಳ್ತಾ ಹಂಗಾರೆ?"

"ಅದು ತಲೆ ಆಡಿಸ್ತು."

ಅಲ್ಲಿಗೆ ಅಜ್ಜ ಹೊಸ ರಾಗ ತೆಗೆದರು. "ಸಾಗರದ ಕಾಲೇಜಿಗೇ ಸೇರ್ತೀನಿ. ಶನಿವಾರ ಶನಿವಾರ ಮನೆಗೆ ಬರ್ಬೋದು." ಬಾಯಲ್ಲಿ ಹೇಳಿದಷ್ಟು ಸುಲಭವೇ? ಧಾರವಾಡದ್ದು ಒಂದು ವಿಶ್ವವಿದ್ಯಾಲಯ. ಸಾಗರದ ಕಾಲೇಜು ಮೈಸೂರಿನ ಇನ್ನೊಂದಕ್ಕೆ ಸೇರಿದ್ದು. ಎಮ್ಮೆಯನ್ನು ಒಂದು ಕೊಟ್ಟಿಗೆಯಿಂದ ಬಿಚ್ಚಿ ಇನ್ನೊಂದಕ್ಕೆ ಕಟ್ಟಿದ ಹಾಗಲ್ಲ. ಮಾವನವರು ಹೋಗಿ ವಿಚಾರಿಸಿದರೆ ಸಾಗರದ ಪ್ರಿನ್ಸಿಪಾಲರು, "ಶನಿವಾರದೊಳಗೆ ಅಲ್ಲಿಯ ಟಿ.ಸಿ., ಮೈಗ್ರೇಶನ್ ಎರಡೂ ತಂದರೆ ಸೀಟು. ಇಲ್ಲದಿದ್ದರೆ ಮುಂದಿನ ವರ್ಷ" ಎಂದರಂತೆ. ಮಾವನವರು ಮುಂದಿನ ವರ್ಷವನ್ನೇ ತೆಗೆದುಹಾಕಿದರು. "ಒಂದ್ ವರ್ಷ ಹಾಳಾದ್ರೆ ಓದು ಸಾಕು. ಮನೇಲಿರು. ಮದುವೆ ಮಾಡಿದ್ದೇ ತಪ್ಪಾಯ್ತು." ಆ ಕೊನೆಯ ಮಾತು ಬಾಗಿಲ ಹಿಂದಿದ್ದವಳಿಗೆ ಎಂದು ನನಗೆ ಗೊತ್ತಾಯಿತು. ಅಜ್ಜನಿಗೋ, ಹೈಸ್ಕೂಲು ಮೇಷ್ಟರಾಗಬೇಕೆಂದು ಸಣ್ಣಂದಿನಿಂದ ಆಸೆ.

ಗುರುವಾರ ಬೆಳಿಗ್ಗೆ ಮತ್ತೆ ಹೊಸಿಲು, ಮತ್ತೆ "ಬರ್ತೀನಿ". ಈ ಬಸ್ಸು ತಪ್ಪಿದರೆ ಬಿ.ಎ. ತಪ್ಪಿತು. ಅವರಿಗೆ ಅದು ತಿಳಿದಿರಲಿಲ್ಲವೇ? ತಿಳಿದಿತ್ತು. ಆದರೂ ನಿಂತರು. ಅತ್ತೆ ನನ್ನ ಬೆನ್ನಿಗೆ ತಿವಿದು, "ಹೇಳೇ ಮಾರಾಯ್ತಿ. ಅವ್ನ ಹಟ ನಂಗೊತ್ತು. ಹೊಟ್ಟೇಲಿದ್ದಾಗ ಹೊರಗೆ ಬರೋಕೂ ಹಿಂಗೇ ಸತಾಯ್ಸಿದ್ದ" ಎಂದರು. ತಿರುವಿನಲ್ಲಿ ಹಾರನ್ ಕೇಳಿಸಿತು. ಮಾವನವರು ಎದುರಿಗೇ ಕೂತಿದ್ದರು. ನನ್ನ ಗಂಟಲಿನಿಂದ "ಬನ್ನಿ" ಎಂಬುದೊಂದು ಹೊರಬಿತ್ತು. ನನಗೇ ಸರಿಯಾಗಿ ಕೇಳಲಿಲ್ಲ. ಅಜ್ಜನಿಗೆ ಕೇಳಿತು. ಟ್ರಂಕನ್ನು ಅಲ್ಲೇ ಬಿಟ್ಟು ಓಡಿದರು. ಮಾವನವರು ಎದ್ದು ಎಮ್ಮೆಗೆ ಹುಲ್ಲು ಹಾಕಲು ಹೋದರು.

ಧಾರವಾಡದ ಆಫೀಸಿನಲ್ಲಿ ನಡೆದದ್ದು ಅಜ್ಜನೇ ಹೇಳಿದ್ದು. ಅರ್ಧ ನಂಬಿ ಸಾಕು. ಗುಮಾಸ್ತರು ಕೇಳಿದರಂತೆ, "ಕಾಲೇಜ ಬಿಟ್ಟ ಹೋಗಾಂವ ಏನಪಾ?"

"ಸಾಗರಕ್ಕೆ ಬರ್ತೀನಿ ಸಾರ್."

"ಬರಾಂವ ಇದ್ರ ಟಿ.ಸಿ. ಯಾಕ ಬೇಕು? ಹೋಗ್ತೀನಿ ಅನ್ನು, ಕೊಡ್ತೀನಿ."

"ಬರ್ತೀನಿ ಸಾರ್."

"ಅಲ್ಲಪಾ, ನಾ ಇಲ್ಲೆ ಕುಂತೀನಿ. ಇಲ್ಲಿಂದ ನೀ ಹೋಗ್ತಿ. ಬರ್ತೀನಿ ಅನ್ನಾಕ ಅಲ್ಲೆ ಯಾರ ಕುಂತಾರ?"

ಅಜ್ಜ ನೆಲ ನೋಡಿದರಂತೆ. ಗುಮಾಸ್ತರು ಕನ್ನಡಕ ಹಣೆಗೇರಿಸಿ ಇವರನ್ನೊಮ್ಮೆ ನೋಡಿ, "ಹೊಸಾ ಮದುವಿ?" ಎಂದು ಮೊಹರು ಒತ್ತಿಯೇಬಿಟ್ಟರಂತೆ.

ಶನಿವಾರದೊಳಗೆ ಕಾಗದ ಸಾಗರ ಮುಟ್ಟಿತು. ಅಲ್ಲಿಂದ ಎಲ್ಲ ಸುಖವಾಯಿತು ಎಂದೇನಲ್ಲ. ಅಲ್ಲಿ ಓದಿದ್ದು ಇಲ್ಲಿರಲಿಲ್ಲ, ಇಲ್ಲಿರುವುದನ್ನು ಅಲ್ಲಿ ಓದಿರಲಿಲ್ಲ. ಮೊದಲ ವರ್ಷದ ಕೆಲವು ಪೇಪರುಗಳನ್ನು ಎರಡನೆಯ ವರ್ಷದವುಗಳ ಜೊತೆಗೇ ಬರೆಯಬೇಕಾಯಿತು. ಒಂದರಲ್ಲಿ ಫೇಲಾಗಿ ಮತ್ತೆ ಕಟ್ಟಿದರು. ಧಾರವಾಡದಲ್ಲಿ ಅವರನ್ನು "ಮಲೆನಾಡಾಂವ" ಎನ್ನುತ್ತಿದ್ದರು. ಸಾಗರದ ಹುಡುಗರು "ಏ ಧಾರವಾಡ" ಎಂದು ಕೂಗುತ್ತಿದ್ದರು. ಜನ ಏನಂದುಕೊಳ್ಳುತ್ತಾರೆ ಎಂದು ಕೇಳಿದೆಯಲ್ಲ ಮಗಾ, ಅಂದುಕೊಂಡರು. ಆಮೇಲೆ ಅವರಿಗೆ ಅಂದುಕೊಳ್ಳಲು ಬೇರೆ ಏನೋ ಸಿಕ್ಕಿತು. ಅಜ್ಜ ಮೇಷ್ಟರಾದರು.

ಮೇಷ್ಟರಾದ ಮೇಲೂ ದಿನಾ ಬೆಳಿಗ್ಗೆ ಹೊಸಿಲ ಮೇಲೆ ನಿಂತು ಕಾಯುವುದು ತಪ್ಪಲಿಲ್ಲ. ಜಗಳವಾದ ದಿನ ನಾನು ಬೇಕೆಂದೇ ಸುಮ್ಮನಿರುತ್ತಿದ್ದೆ. ಶಾಲೆಯ ಗಂಟೆ ಹೊಡೆದರೂ ಅವರು ಕದಲುತ್ತಿರಲಿಲ್ಲ. ಕೊನೆಗೆ ಶಾಲೆಯ ಮಕ್ಕಳ ಮೇಲಿನ ಕನಿಕರಕ್ಕೆ "ಬನ್ನಿ" ಎನ್ನುತ್ತಿದ್ದೆ. ಎಷ್ಟೋ ಜಗಳ ಹಾಗೆಯೇ ಮುಗಿಯಿತು. ಹೆಚ್ಚು ಮಾತು ಬಾರದವಳಿಂದ ದಿನಕ್ಕೊಂದು ಮಾತು ತೆಗೆಸುವ ಉಪಾಯವೋ ಅದು, ಬರೀ ಹಟವೋ, ಕೇಳಬೇಕೆಂದಿದ್ದೆ. ಕೇಳಲಿಲ್ಲ.

ಅಜ್ಜ ತೀರಿಕೊಂಡು, ಅವರನ್ನು ಹೊರಗೆ ತೆಗೆದ ದಿನ ಮನೆ ತುಂಬ ಜನವಿದ್ದರು. ಪದ್ಧತಿಯಂತೆ ಯಾರೂ ಏನೂ ಹೇಳುತ್ತಿರಲಿಲ್ಲ. ಹೊತ್ತವರು ಹೊಸಿಲಿನ ಹತ್ತಿರ ಬಂದಾಗ ಮುಂದಿದ್ದವನ ಪಂಚೆ ಬಾಗಿಲ ಚಿಲಕಕ್ಕೆ ಸಿಕ್ಕಿಕೊಂಡಿತು. ಅದನ್ನು ಬಿಡಿಸುವವರೆಗೆ ಎಲ್ಲರೂ ಅಲ್ಲೇ ನಿಂತರು.

"ಬನ್ನಿ" ಎಂದೆ. ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ.

ಪಕ್ಕದಲ್ಲಿದ್ದ ನಾದಿನಿ ನನ್ನ ಕೈ ಹಿಡಿದು, "ಹಂಗೆ ಹೇಳ್ಬಾರ್ದು ಅತ್ತಿಗೆ" ಎಂದಳು.

"ಹೇಳ್ದಿದ್ರೆ ಅವ್ರು ಹೊರಡೋದಿಲ್ಲ" ಎಂದೆ.