ಮಾಯ್‌ರೋಸ್‌ಗೆ ಕಟ್ಟಿದ ಡಬ್ಬ

ಇಡೀ ಅನಾಹುತಕ್ಕೆ ಕಾರಣ, ಹಿಲ್ಡಿಂಗ್ ತನ್ನ ಕಾರಿನ ಹೊಟ್ಟೆಗೆ ತಾನೇ ತಂತಿಯಿಂದ ಬಿಗಿದಿದ್ದ ಒಂದು ಖಾಲಿ ಬಣ್ಣದ ಡಬ್ಬ.

ಯಾಕೆ ಬಿಗಿದ ಎನ್ನುವುದಕ್ಕೆ ಮೊದಲು ನಮ್ಮೂರ ರೇಸಿನ ಕಟ್ಟಳೆ ಹೇಳಬೇಕು. ಕಾಡಿನ ನಡುವಿನ ಹಳೆಯ ಜಲ್ಲಿ ಗುಂಡಿಯೇ ನಮ್ಮ ಟ್ರ್ಯಾಕು. ಓಡುವುದೆಲ್ಲ ಡಕೋಟಾ ಗಾಡಿಗಳು. ಯಾರೂ ಕಾರಿಗೆ ದುಡ್ಡು ಸುರಿದು ಮೆರೆಯಬಾರದೆಂದು ಹಿರಿಯರು ಒಂದು ನಿಯಮ ಮಾಡಿಟ್ಟಿದ್ದಾರೆ: ರೇಸು ಮುಗಿದ ಮೇಲೆ, ಅವತ್ತು ಓಡಿಸಿದವರಲ್ಲಿ ಯಾರು ಬೇಕಾದರೂ ಯಾರ ಕಾರನ್ನಾದರೂ ಕೇಳಬಹುದು. ಎಲ್ಲ ಕಾರಿಗೂ ಒಂದೇ ಬೆಲೆ, ಒಂದು ಒಳ್ಳೆಯ ಸೈಕಲ್ಲಿನಷ್ಟು. ಚೀಟಿ ಬರೆದು ಪೆಟ್ಟಿಗೆಗೆ ಹಾಕಿದರಾಯಿತು. ಹಲವರು ಕೇಳಿದ್ದರೆ ಕಣ್ಣು ಮುಚ್ಚಿ ಒಂದು ಚೀಟಿ ಎತ್ತುತ್ತಾರೆ. ಕೊಡುವುದಿಲ್ಲ ಎಂದವನ ರೇಸಿನ ಲೈಸೆನ್ಸು ಹೋಗುತ್ತದೆ.

ಹಿಲ್ಡಿಂಗ್‌ಗೆ ಆ ಕಾರೆಂದರೆ ಪಂಚಪ್ರಾಣ. ಅವನ ತಾಯಿ ಸಾಕಿದ್ದ ಹಸುವಿನ ಹೆಸರನ್ನೇ ಅದಕ್ಕೆ ಇಟ್ಟಿದ್ದ: ಮಾಯ್‌ರೋಸ್. ಚಳಿಗಾಲವಿಡೀ ಕೊಟ್ಟಿಗೆಯಲ್ಲಿ ಕೂತು, ಅದರ ಎಂಜಿನ್ನಿನ ಒಂದೊಂದು ತಿರುಪನ್ನೂ ಮಗುವಿನ ಕಿವಿ ಒರೆಸಿದ ಹಾಗೆ ಒರೆಸುತ್ತಿದ್ದ. ಇಂಥದ್ದನ್ನು ಯಾರಾದರೂ ಕೇಳಿಬಿಟ್ಟರೆ? ಅದಕ್ಕೇ ಹೊರಗೆಲ್ಲ ಕೆಸರು ಬಳಿದು, ಕೆಳಗೆ ಡಬ್ಬ ಕಟ್ಟಿ ಲೊಡಲೊಡ ಅನ್ನಿಸಿ, ಪ್ರತಿ ರೇಸಿನಲ್ಲೂ ಬೇಕೆಂದೇ ಕೊನೆಗೆ ಬರುತ್ತಿದ್ದ. ಸೋಲುವುದರಲ್ಲಿ ಅವನಷ್ಟು ಪಳಗಿದವರು ಜಿಲ್ಲೆಯಲ್ಲೇ ಇರಲಿಲ್ಲ.

ಮೇ ತಿಂಗಳ ಆ ಶನಿವಾರ ಟ್ರ್ಯಾಕಿಗೆ ಟೊರ್ಕೆಲ್ ವಿಡ್‌ಮಾರ್ಕ್ ಬಂದ. ಟೊರ್ಕೆಲ್ ಎಂದರೆ ಸಾಮಾನ್ಯನೇ? ಇದೇ ಜಲ್ಲಿ ಗುಂಡಿಯಲ್ಲಿ ಬಿದ್ದು ಎದ್ದು ಕಲಿತು, ಡಾಂಬರಿನ ಮೇಲೆ ಟೂರಿಂಗ್ ಕಾರುಗಳ ರೇಸಿನಲ್ಲಿ ದೇಶವನ್ನೇ ಗೆದ್ದವನು. ಅರ್ಧ ಡಾಂಬರು ಅರ್ಧ ಮಣ್ಣಿನ ರ‍್ಯಾಲಿಕ್ರಾಸಿನಲ್ಲಿ ಯುರೋಪಿನವರಿಗೆಲ್ಲ ಧೂಳು ತಿನ್ನಿಸಿದವನು. ಕೂದಲೀಗ ಬೆಳ್ಳಗಾಗಿದೆ, ಆದರೆ ಕೈ ಮಾತ್ರ ಗಡಿಯಾರದ ಹಾಗೆ. ಹಿಲ್ಡಿಂಗ್ ಮನೆಯ ಅಡುಗೆಮನೆ ಗೋಡೆಯ ತುಂಬ ಅವನದೇ ಚಿತ್ರಗಳು.

ಕ್ಲಬ್ಬಿನ ಅಧ್ಯಕ್ಷೆ ಸಿಗ್ನೆ, "ಕೊನೇ ರೇಸಲ್ಲಿ ನೀವೂ ಓಡಿಸ್ಬೇಕು," ಎಂದು ದುಂಬಾಲು ಬಿದ್ದಳು.

"ಓಡಿಸೋಣ. ಆದ್ರೆ ಇಲ್ಲಿರೋದ್ರಲ್ಲೆಲ್ಲ ಕಡೇ ದರ್ಜೆ ಗಾಡಿ ಯಾವ್ದೋ ಅದನ್ನೇ ಕೊಡ್ರಪ್ಪ," ಎಂದ ಟೊರ್ಕೆಲ್, ದಾಲ್ಚಿನ್ನಿ ಬನ್ನು ಅಗಿಯುತ್ತಾ.

ಇಡೀ ಟ್ರ್ಯಾಕಿನ ಬೆರಳು ಮಾಯ್‌ರೋಸ್ ಕಡೆಗೆ ತಿರುಗಿತು.

ಹಿಲ್ಡಿಂಗ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ದೇವರೇ ಮನೆಗೆ ಬಂದು ಊಟ ಕೇಳಿದ ಹಾಗಾಗಿತ್ತು. ಬಡಿಸಿದರೆ ಪಾತ್ರೆಯೂ ಹೋಗುವ ಭಯ.

"ಬ್ರೇಕ್ ಸರಿಯಿಲ್ಲ, ಟೊರ್ಕೆಲ್ ಅವ್ರೇ..."

"ಬ್ರೇಕ್ ಯಾಕೆ? ನಾನು ನಿಲ್ಲಿಸೋಕೆ ಬಂದಿಲ್ವಲ್ಲ!"

ಅಲ್ಲಿಗೆ ಮಾತು ಮುಗಿಯಿತು. ಬಾವುಟ ಬಿತ್ತು. ಮೊದಲ ತಿರುವಿನಲ್ಲಿ ಮಾಯ್‌ರೋಸ್ ಎಂದಿನಂತೆ ಕೊನೆಯಲ್ಲಿತ್ತು. ಎರಡನೆಯ ತಿರುವಿನಲ್ಲಿ ಟೊರ್ಕೆಲ್ ಎಲ್ಲರೂ ಬಿಟ್ಟ ಹೊರಗಿನ ಸಡಿಲ ಜಲ್ಲಿಯ ಮೇಲೆ ಕಾರನ್ನು ಅಡ್ಡಡ್ಡ ಜಾರಿಸಿಕೊಂಡು ಹೋದ. ಯಾರನ್ನೂ ತಾಗಲಿಲ್ಲ, ಗುದ್ದಲಿಲ್ಲ. ಮದುವೆ ಮನೆಯಲ್ಲಿ ಬಡಿಸುವವನು ಪಂಕ್ತಿಗಳ ನಡುವೆ ಓಡಾಡುವಂತೆ ಎಲ್ಲರ ಸಂದಿಯಲ್ಲಿ ನುಸುಳಿದ. ಡಬ್ಬ ಲೊಡಲೊಡ ಅನ್ನುತ್ತಲೇ ಇತ್ತು, ಕಾರುಗಳು ಒಂದೊಂದಾಗಿ ಹಿಂದೆ ಬೀಳುತ್ತಲೇ ಇದ್ದವು. ಮಾಯ್‌ರೋಸ್ ಗೆದ್ದಿತು. ಆಹಾ, ಅದನ್ನು ನೋಡಿದ ಕಣ್ಣೇ ಪುಣ್ಯದ್ದು! ಹಿಲ್ಡಿಂಗ್ ಖುಷಿಯಿಂದ ಟೋಪಿ ಎಸೆದ. ಟೋಪಿ ಕೆಳಗೆ ಬೀಳುವುದರೊಳಗೆ ಚೀಟಿಯ ನೆನಪಾಯಿತು.

ಸಿಗ್ನೆಯ ಮೇಜಿನ ಮುಂದೆ ಆಗಲೇ ಚೀಟಿ ಹಿಡಿದವರ ಸಾಲು. ಎಲ್ಲಕ್ಕಿಂತ ಮುಂದೆ ಪಕ್ಕದ ಮನೆಯ ಎಸ್ಟೆನ್, ಅವನ ಬೆನ್ನಿಗೆ ಹೆಂಡತಿ ಗುನ್ವೊರ್. ಇಬ್ಬರೂ ಬೇಲಿಯಾಚೆಯಿಂದ ಹಿಲ್ಡಿಂಗ್‌ನ ಸಂಸಾರವನ್ನೇ ನಡೆಸುವಂಥವರು. ಇವತ್ತು ಇಬ್ಬರೂ ಓಡಿಸಿದ್ದರು.

"ಏನೋ ಎಸ್ಟೆನ್, ನೀನೂನಾ?"

ಎಸ್ಟೆನ್ ಸಿಗ್ನೆಯ ಕಡೆ ಓರೆಗಣ್ಣಲ್ಲಿ ನೋಡಿ, ಹಿಲ್ಡಿಂಗ್‌ಗೆ ಕಣ್ಣು ಹೊಡೆದ. ಗುನ್ವೊರ್ ಕೂಡ ಹೊಡೆದಳು. ಹಿಲ್ಡಿಂಗ್‌ಗೆ ಮೈಯೆಲ್ಲ ಉರಿಯಿತು. ನನ್ನ ಮನೆ ಹಾಳುಮಾಡಿ ಮೇಲೆ ಗೇಲಿ ಬೇರೆ!

ಅವನು ಸಾಸೇಜು ಮಾರುವ ಬೆಂಚಿನ ಮೇಲೆ ಹತ್ತಿ ನಿಂತ.

"ನಿಮಗೇನು ತಲೆ ಕೆಟ್ಟಿದ್ಯೇನ್ರೋ? ಗೆದ್ದಿದ್ದು ಕಾರಾ? ಈ ಗಾಡಿ ತಿಪ್ಪೆಗೂ ಲಾಯಕ್ಕಿಲ್ಲ! ಗೆದ್ದಿದ್ದು ಟೊರ್ಕೆಲ್! ಹಿಮಗಟ್ಟಿದ ಕೆರೆ ಮೇಲೆ ಗೆದ್ದೋರು ಯಾರು? ಮಳೇಲಿ ನುಣ್ಣನೆ ಟೈರಲ್ಲಿ, ಬೇರೆಯವ್ರೆಲ್ಲ ಹುಲ್ಲಿಗೆ ಜಾರ್ತಿದ್ರೆ, ನೆಟ್ಟಗೆ ಬಂದೋರು ಯಾರು? ಬೆಳಿಗ್ಗೆ ಡಾಂಬರಲ್ಲಿ ಗೆದ್ದು, ಅದೇ ಮಧ್ಯಾಹ್ನ ಮಣ್ಣಲ್ಲಿ ಗೆದ್ದೋರು ಯಾರು?"

"ಟೊರ್ಕೆಲ್ಲೇ," ಎಂದರು ಒಂದಿಬ್ಬರು.

"ಎದುರಾಳಿ ಕಾರು ಮಗುಚಿಬಿದ್ದಾಗ, ಕೈಗೆ ಬಂದಿದ್ದ ಪ್ರಶಸ್ತಿ ಬಿಟ್ಟು ಇಳಿದುಹೋಗಿ ಅವನನ್ನ ಹೊರಗೆಳೆದು ಉಳಿಸ್ಲಿಲ್ವಾ? ಆ ವರ್ಷ ಸೋತ್ರು. ಮರುವರ್ಷ ಹಲ್ಲು ಕಚ್ಚಿ ಗೆದ್ರು. ಅಂಥ ಮನುಷ್ಯ ತಳ್ಳೋಗಾಡಿ ಮೇಲೆ ಕೂತ್ರೂ ಗೆಲ್ತಾನೆ ಕಣ್ರೋ! ಇದನ್ನ ತಗೊಂಡು ನೀವು ಓಡಿಸಿದ್ರೆ ನನ್ನ ಹಾಗೇ ಕೊನೇಲಿ ಬರ್ತೀರಿ, ಅಷ್ಟೇ!"

ಕಾರು ಉಳಿಸಲೆಂದು ಶುರುಮಾಡಿದ ಮಾತು, ಹೇಳುತ್ತಾ ಹೇಳುತ್ತಾ ಅಭಿಮಾನದ ಮಾತೇ ಆಗಿಬಿಟ್ಟಿತು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ತಿಪ್ಪೆಯ ವಿಷಯ ಬಿಟ್ಟರೆ. ಸಾಲಿನಲ್ಲಿದ್ದವರು ಮುಖ ಮುಖ ನೋಡಿಕೊಂಡು ಒಬ್ಬೊಬ್ಬರಾಗಿ ಚೀಟಿ ಹರಿದರು. ಎಸ್ಟೆನ್ ಮಾತ್ರ ಕಲ್ಲಿನಂತೆ ನಿಂತಿದ್ದ.

"ನಂದೊಂದು ಇರ್ಲಿ ಬಿಡೋ, ಮಾರಾಯ," ಎಂದು ಈಗ ಎರಡೂ ಕಣ್ಣು ಹೊಡೆದ.

"ಇರಕೂಡ್ದು!"

"ಆಮೇಲೆ ಬೈಬೇಡ."

"ಹರೀತೀಯೋ ಇಲ್ವೋ?"

ಎಸ್ಟೆನ್ ನಿಟ್ಟುಸಿರು ಬಿಟ್ಟು ಹರಿದ. ಹಿಲ್ಡಿಂಗ್ ಬೆಂಚಿನಿಂದಿಳಿದು ಒಂದು ಲೋಟ ಕಾಫಿ ಕುಡಿದು ಬೆವರು ಒರೆಸಿಕೊಂಡ. ಮಾಯ್‌ರೋಸ್ ಉಳಿಯಿತು.

ಸಿಗ್ನೆ ಪೆಟ್ಟಿಗೆ ತೆರೆದಳು. ಒಳಗೆ ಒಂದು ಚೀಟಿ ಇತ್ತು.

"ಮಾಯ್‌ರೋಸ್. ಕೇಳಿದೋರು, ಟೊರ್ಕೆಲ್ ವಿಡ್‌ಮಾರ್ಕ್."

ಜನರ ನಡುವಿನಿಂದ ಟೊರ್ಕೆಲ್ ಮುಂದೆ ಬಂದು ಹಿಲ್ಡಿಂಗ್‌ನ ಎರಡೂ ಕೈ ಹಿಡಿದುಕೊಂಡ.

"ನೋಡು ಹಿಲ್ಡಿಂಗ್, ನಾನು ಜೀವಮಾನವೆಲ್ಲ ಗೆದ್ದಿದ್ದೀನಿ. ಪ್ರತಿ ಸಲಾನೂ ಜನ ಏನಂದ್ರು ಗೊತ್ತಾ? ಕಾರು ಚೆನ್ನಾಗಿತ್ತು ಅಂದ್ರು. ಟೈರು ಚೆನ್ನಾಗಿತ್ತು ಅಂದ್ರು. ಗೆದ್ದಿದ್ದು ನಾನು ಅಂತ ಇವತ್ತು ಒಬ್ಬ ಹೇಳ್ದ, ಅದೂ ಕಾರಿನ ಮಾಲೀಕನೇ! ನನ್ನ ಪದಕಗಳ ಪಕ್ಕ ಈ ಕಾರನ್ನೇ ನಿಲ್ಲಿಸ್ತೀನಿ. ಮೇಲೆ ಒಂದು ಬೋರ್ಡು: 'ಈ ಗಾಡಿ ತಿಪ್ಪೆಗೂ ಲಾಯಕ್ಕಿಲ್ಲ'. ಕೆಳಗೆ ನಿನ್ನ ಹೆಸರು."

ಮುದುಕನ ಕಣ್ಣು ಒದ್ದೆಯಾಗಿತ್ತು. ಹಿಲ್ಡಿಂಗ್ ಬಾಯಿ ತೆರೆದ. ಕಾರೂ ಚೆನ್ನಾಗಿತ್ತು, ಸ್ವಾಮಿ, ಒಳಗಿನ ಎಂಜಿನ್ನು ನೋಡಿ ಎಂದುಬಿಟ್ಟರೆ ಈತ ಚೀಟಿ ವಾಪಸು ತೆಗೆದುಕೊಂಡರೂ ತೆಗೆದುಕೊಳ್ಳಬಹುದಿತ್ತು. ಆದರೆ ಆ ಕಣ್ಣು ನೋಡಿ ಹಾಗೆನ್ನಲು ಅವನಿಗೆ ನಾಲಿಗೆ ಹೊರಳಲಿಲ್ಲ.

"ಚೆನ್ನಾಗಿ ನೋಡ್ಕೊಳ್ಳಿ," ಎಂದನಷ್ಟೇ.

ಟೊರ್ಕೆಲ್ ಕಾರಿನತ್ತ ಹೊರಟಾಗ ಎಸ್ಟೆನ್ ಹತ್ತಿರ ಬಂದು ಪಿಸುಗುಟ್ಟಿದ.

"ಲೋ ಮಂಕುದಿಣ್ಣೆ, ಸಾಲಲ್ಲಿ ನಿಂತಿದ್ದೋರೆಲ್ಲ ನಮ್ಮ ಬೀದಿಯವ್ರೇ ಕಣೋ. ಹೊರಗಿನೋರು ಕೇಳಿದ್ರೂ ಪೆಟ್ಟಿಗೇಲಿ ನಮ್ಮ ಚೀಟಿಗಳೇ ಜಾಸ್ತಿ ಇರ್ಲಿ, ನಮ್ಮಲ್ಲಿ ಯಾರದ್ದು ಬಂದ್ರೂ ಕಾರು ನಿಂಗೇ ವಾಪಸ್ ಕೊಡೋದು ಅಂತ ಮಾತಾಡ್ಕೊಂಡಿದ್ವಿ. ಇಂಥ ಒಳಒಪ್ಪಂದ ಗೊತ್ತಾದ್ರೆ ಸಿಗ್ನೆ ಎಲ್ಲರ ಲೈಸೆನ್ಸೂ ಕಿತ್ಕೋತಾಳೆ ಅಂತ ಬಾಯಿ ಬಿಡ್ಲಿಲ್ಲ. ಎಷ್ಟು ಸಲ ಅಂತ ಕಣ್ಣು ಹೊಡೆಯೋದು ನಾನು?"

ಹಿಲ್ಡಿಂಗ್ ಬಗ್ಗಿ, ನೆಲದ ಮೇಲೆ ಬಿದ್ದಿದ್ದ ಚೀಟಿಯ ಚೂರುಗಳನ್ನು ಆಯತೊಡಗಿದ.

ಅಷ್ಟರಲ್ಲಿ ಟ್ರೈಲರಿಗೆ ಹತ್ತಿಸುತ್ತಿದ್ದ ಟೊರ್ಕೆಲ್ ಕಾರಿನ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ: "ಹಿಲ್ಡಿಂಗ್, ಕೆಳಗೇನೋ ಲೊಡಲೊಡ ಅಂತಿದೆಯಲ್ಲಪ್ಪ! ಸ್ವಲ್ಪ ನೋಡ್ತೀಯಾ?"

ಹಿಲ್ಡಿಂಗ್ ಹೋಗಿ, ಜಲ್ಲಿಯ ಮೇಲೆ ಅಂಗಾತ ಮಲಗಿ, ತಂತಿ ಬಿಚ್ಚಿದ. ಮಾಯ್‌ರೋಸ್ ರೇಷ್ಮೆಯಂಥ ಸದ್ದು ಮಾಡುತ್ತಾ ಟ್ರೈಲರು ಹತ್ತಿತು. ಅವನು ಡಬ್ಬ ಹಿಡಿದುಕೊಂಡು ಟ್ರೈಲರು ಮರೆಯಾಗುವವರೆಗೂ ನಿಂತೇ ಇದ್ದ.

ಎಸ್ಟೆನ್ ಡಬ್ಬವನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿ ಕೇಳಿದ: "ಇದಕ್ಕೂ ಒಂದು ಚೀಟಿ ಹಾಕ್ಲೇನೋ?"