ನಾನು ವೈಫೈ ಕಾವಲಿಗೆ ಕುಳಿತದ್ದು

ಗೊತ್ತಿಲ್ಲ ಎಂದು ಹೇಳಲು ಬಾರದವನಿಗೆ ನೌಕರಿಯಲ್ಲಿ ಬಡ್ತಿ ಸಿಗುತ್ತದೋ ಇಲ್ಲವೋ, ಹೆಚ್ಚುವರಿ ಕೆಲಸವಂತೂ ಖಂಡಿತ ಸಿಗುತ್ತದೆ. ಸೇಡಂನ ಕಾಲೇಜೊಂದರಲ್ಲಿ ನಾನು ಹೇಳುವುದು ಇತಿಹಾಸದ ಪಾಠ. ಒಮ್ಮೆ ಪ್ರಾಚಾರ್ಯರ ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಟ್ಟೆ, ಅಷ್ಟೇ. ಮರುದಿನದಿಂದ ಇಡೀ ಕಾಲೇಜಿನ ವೈಫೈ ನನ್ನ ಕೊರಳಿಗೆ ಬಿತ್ತು.

ವೈಫೈ ಎಂದರೆ ನಮ್ಮಲ್ಲಿ ಚಹಾ ಇದ್ದ ಹಾಗೆ. ಬಂದವರಿಗೆ ಕೊಡದಿದ್ದರೆ ಮರ್ಯಾದೆಯಲ್ಲ. ಚಿತ್ತಾಪುರದಿಂದ ಬಂದ ಬೀಗರಿಗೂ, ಶಹಾಬಾದಿನಿಂದ ಕಲ್ಲು ತಂದ ಲಾರಿಯವನಿಗೂ "ಕುಂದ್ರಿ, ಪಾಸ್‌ವರ್ಡ್ ತಗೋರಿ" ಎಂಬ ಉಪಚಾರ. ಹೀಗಾಗಿ ಪರೀಕ್ಷೆಯ ಅರ್ಜಿ ತುಂಬುವ ಕೊನೆಯ ವಾರದಲ್ಲಿ ನೆಟ್ ತೆವಳತೊಡಗಿತು. ಪ್ರಾಚಾರ್ಯರು ನನ್ನನ್ನು ಕರೆದು, "ಯಾರ್ ನುಂಗ್ಲಿಕತ್ತಾರ ಹುಡುಕ್ರಿ, ಬರದು ಕೊಡ್ರಿ" ಎಂದರು.

ನೆಟ್ಟಿನಲ್ಲೇ ಹುಡುಕಿದಾಗ ಯಾರೋ ಬರೆದಿಟ್ಟ ಉಪಾಯ ಸಿಕ್ಕಿತು. ಹೋಗಿಬರುವ ಮಾಹಿತಿಯ ತುಣುಕುಗಳಲ್ಲಿ ಸಾವಿರಕ್ಕೊಂದನ್ನು ನಕಲು ಮಾಡಿ ನನ್ನ ಲ್ಯಾಪ್‌ಟಾಪಿಗೆ ಕಳಿಸುವಂತೆ ವೈಫೈ ಪೆಟ್ಟಿಗೆಗೆ ಹೇಳಿದರೆ ಸಾಕು, ಯಾರದು ಹೆಚ್ಚೆಂದು ತಿಳಿಯುತ್ತದೆ. ಇದಕ್ಕೆ ಸ್ಯಾಂಪ್ಲಿಂಗ್ ಎನ್ನುತ್ತಾರಂತೆ. ತೊಗರಿ ವ್ಯಾಪಾರಿಯ ಮಗನಿಗೆ ಸ್ಯಾಂಪಲ್ ಕಲಿಸುತ್ತೀರಾ? ನಮ್ಮಪ್ಪ ಪ್ರತಿ ಚೀಲಕ್ಕೂ ಕೈ ಹಾಕದೆ ದರ ಹೇಳಿದವನಲ್ಲ. "ಮ್ಯಾಗಿನ ಚೀಲ ನೋಡಿ ತಗೊಂಡಾವ ಮಣ್ಣು ತಿಂದ" ಎನ್ನುತ್ತಿದ್ದ. ಸಾವಿರಕ್ಕೊಂದಂತೆ! ಬರೆದ ದಡ್ಡನನ್ನು ಬೈದು, ಒಂದನ್ನೂ ಬಿಡದೆ ಎಲ್ಲವನ್ನೂ ಕಳಿಸು ಎಂದು ಹಾಕಿದೆ.

ತೆವಳುತ್ತಿದ್ದ ನೆಟ್ ಮಲಗಿಯೇಬಿಟ್ಟಿತು. ಪರದೆಯ ಮೇಲಿನ ಪಟ್ಟಿಯಲ್ಲಿ ಮೊದಲಿಗೆ ಹೆಸರಿಲ್ಲದ ಯಾವುದೋ ಯಂತ್ರದ ಅಂಕಿಗಳ ಸಾಲು, ಎರಡನೆಯದು ಗ್ರಂಥಪಾಲಕ ಖಾಜಾಸಾಬರ ಮೊಬೈಲು. ಅಂಕಿಗಳನ್ನು ಬೈಯುವುದು ಹೇಗೆ? ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಖಾಜಾಸಾಬರನ್ನೇ ಹಿಡಿದೆ. "ಈ ವಯಸ್ಸಿನ್ಯಾಗ ಇಷ್ಟು ಏನ್ ನೋಡ್ತೀರಿ ಸಾಬ್ರೆ?" ಎಲ್ಲರೂ ನಕ್ಕರು. ಅವರ ಮುಖ ಸಣ್ಣದಾಯಿತು. "ಮೊಮ್ಮಗಳ ವಿಡಿಯೋ ನೋಡ್ತೀನ್ರಿ ಸರ್, ಬ್ಯಾರೆ ಏನಿಲ್ಲ" ಎಂದು ಮೊಬೈಲ್ ಆರಿಸಿ ಹೊರಟುಹೋದರು.

ಅದು ಆರಿದರೂ ನೆಟ್ ಏಳಲಿಲ್ಲ. ಅರ್ಜಿಗೆ ಅಂದೇ ಕೊನೆಯ ದಿನ, ಹೊರಗೆ ಹುಡುಗಿಯರ ಸಾಲು. "ಈ ವರ್ಷ ಹೋಯ್ತಂದ್ರ ಮನ್ಯಾಗ ಓದು ಬಿಡಸ್ತಾರ್ರಿ ಸರ್" ಎಂದು ಕುಂಚಾವರಂನ ಒಬ್ಬಳು ಅತ್ತೇಬಿಟ್ಟಳು. ಆಗ ಆ ಅಂಕಿಗಳನ್ನು ಕಾಲೇಜಿನ ಒಂದೊಂದೇ ಯಂತ್ರದ ನಂಬರಿಗೆ ಹೋಲಿಸಿ ನೋಡಿದೆ. ನನ್ನದೇ ಲ್ಯಾಪ್‌ಟಾಪ್! ಇಡೀ ಕಾಲೇಜಿನ ನೆಟ್ಟಿನ ಎರಡನೇ ಪ್ರತಿ ಅದೇ ವೈಫೈ ಮೇಲೆ ನನ್ನ ಕಡೆಗೆ ಹರಿಯುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ನಕಲು ಕಳಿಸುವ ಆ ಕಾವಲನ್ನು ಬಂದ್ ಮಾಡಿದೆ. ತೆವಳುತ್ತಲಾದರೂ ಅರ್ಜಿಗಳೆಲ್ಲ ಹೋದವು.

ಗ್ರಂಥಾಲಯಕ್ಕೆ ಹೋಗಿ ಖಾಜಾಸಾಬರಿಗೆ ಕೈಮುಗಿದೆ. ಅವರು ನಗಲಿಲ್ಲ. "ಇರ್ಲಿ ಬಿಡ್ರಿ ಸರ್. ಅಂದದ್ದು ಎಲ್ಲರ ಮುಂದ, ತಪ್ಪಾಯ್ತು ಅನ್ನೋದು ಮಾತ್ರ ಕದಾ ಹಾಕ್ಕೊಂಡು." ಮಾತು ನಾಟಿತು. ಎಲ್ಲರೆದುರು ಒಪ್ಪಿಕೊಳ್ಳಲೆಂದೇ ಸ್ಟಾಫ್ ರೂಮಿಗೆ ನಡೆದೆ. ಪ್ರಾಚಾರ್ಯರು ಅಲ್ಲೇ ಇದ್ದರು. "ಸಿಕ್ಕಾನೇನ್ರಿ ಕಳ್ಳ?" ಎಂದರು. ನಾನು ಕಾಗದ ತೆಗೆದು, 'ತಾಂತ್ರಿಕ ಕಾರಣ' ಎಂದು ಬರೆದು ಕೊಟ್ಟೆ. ಇಷ್ಟು ವರ್ಷದ ನೌಕರಿಯಲ್ಲಿ ನನಗೆ ಯಾರೂ ಅಷ್ಟು ಗೌರವದ ಹೆಸರು ಇಟ್ಟಿರಲಿಲ್ಲ.